ಎರಡು ಜೊತೆ ಕಣ್ಣು

ನಮ್ಮ ಮನೆಯಲ್ಲಿ ಹಕ್ಕಿಗಳ ಹೆಸರಿನಲ್ಲಿ ಬಿದ್ದಷ್ಟು ಏಟು ಇನ್ನಾವುದರ ಹೆಸರಿನಲ್ಲೂ ಬಿದ್ದಿಲ್ಲ. ಬೀದಿಯ ಬೇರೆ ಮನೆಗಳಲ್ಲಿ ಗಂಡಸರು ಕುಡಿದು ಹೊಡೆಯುತ್ತಿದ್ದರು, ಇಸ್ಪೀಟಿನಲ್ಲಿ ಸೋತು ಹೊಡೆಯುತ್ತಿದ್ದರು. ನಮ್ಮಪ್ಪ ಬೀಡಿಯನ್ನೂ ಮುಟ್ಟಿದವನಲ್ಲ. ಅವನು ಹೊಡೆಯುತ್ತಿದ್ದದ್ದು ಕೆರೆಯ ಏರಿಯ ಮೇಲೆ ನಾವು ಕೆಮ್ಮಿದ್ದಕ್ಕೆ, ಬೈನಾಕ್ಯುಲರಿನ ಗಾಜನ್ನು ಸೆರಗಿನಲ್ಲಿ ಒರೆಸಿದ್ದಕ್ಕೆ, ಅವನು ಬೆರಳು ತೋರಿಸಿದ ಕಡೆ ತಕ್ಷಣ ತಿರುಗದೇ ಇದ್ದದ್ದಕ್ಕೆ. ನಂಜನಗೂಡಿನ ಜನಕ್ಕೆ ಅವನು ಸಾಧು ಮನುಷ್ಯ. ತಾಂಡ್ಯದ ನೂಲಿನ ಕಾರ್ಖಾನೆಯಲ್ಲಿ ಶಿಫ್ಟು ಮುಗಿಸಿಕೊಂಡು ಬರುವಾಗ ಸೈಕಲ್ ನಿಲ್ಲಿಸಿ, ಕರೆಂಟಿನ ತಂತಿಯ ಮೇಲೆ ಕೂತ ನೀಲಕಂಠವನ್ನು ಬಾಯಿ ತೆರೆದು ನೋಡುತ್ತ ನಿಲ್ಲುವವನು ಸೊಳ್ಳೆಗೂ ಹೊಡೆಯಲಾರ ಎಂದು ಅವರ ಎಣಿಕೆ. ನಿಜ, ಸೊಳ್ಳೆಗೆ ಅವನು ಹೊಡೆಯುತ್ತಿರಲಿಲ್ಲ. ಆ ಕೈ ಪೂರ್ತಿಯಾಗಿ ನಮಗೇ ಮೀಸಲಾಗಿತ್ತು.

ಮನೆ ಕಪಿಲೆಯ ಕಡೆಗೆ ಇಳಿಯುವ ಬೀದಿಯಲ್ಲಿತ್ತು. ಜಗಲಿ, ನಡುಮನೆ, ಅಡುಗೆಮನೆ, ಹಿಂದೆ ಒಂದು ಹಿತ್ತಲು, ಇಷ್ಟೇ. ಹಿತ್ತಲಲ್ಲಿ ಒಗೆಯುವ ಕಲ್ಲು, ನುಗ್ಗೆಮರ, ಅದರಾಚೆ ಲಂಟಾನ ಬೆಳೆದು ದಟ್ಟವಾಗಿದ್ದ ಬೇಲಿ. ನಡುಮನೆಯ ಒಂದು ಗೋಡೆ ಹಕ್ಕಿಗಳದು. ಅಲ್ಲಿ ದೇವರ ಪಟವಿಲ್ಲ, ಕ್ಯಾಲೆಂಡರಿಲ್ಲ, ಒಂದು ಮೊಳೆಯೂ ಇಲ್ಲ. ಯುಗಾದಿಯಿಂದ ಯುಗಾದಿಗೆ ನಮ್ಮ ವರ್ಷ. ಆ ವರ್ಷದಲ್ಲಿ ಕಂಡ ಪ್ರತಿ ಜಾತಿಯ ಹಕ್ಕಿಯ ಹೆಸರನ್ನೂ ಅಪ್ಪ ಇದ್ದಿಲಿನಲ್ಲಿ ಆ ಗೋಡೆಯ ಮೇಲೆ ಬರೆಯುತ್ತಿದ್ದ. ಒಂದು ಜಾತಿಗೆ ಒಂದೇ ಜಾಗ. ಸಾವಿರ ಬೆಳ್ಳಕ್ಕಿ ಕಂಡರೂ ಗೋಡೆಗೆ ಒಂದೇ ಬೆಳ್ಳಕ್ಕಿ. ಹಬ್ಬಕ್ಕೆಂದು ಮನೆಗೆಲ್ಲ ಸುಣ್ಣ ಹೊಡೆದರೂ ಆ ಗೋಡೆಯನ್ನು ಮುಟ್ಟುವಂತಿರಲಿಲ್ಲ. ಯುಗಾದಿಯ ಊಟವಾಗಿ, ಹೆಸರುಗಳನ್ನು ಓದಿ, ಲೆಕ್ಕ ಮುಗಿದ ಮೇಲೆ ಅಪ್ಪನೇ ಕುಂಚ ಹಿಡಿದು ಬಳಿಯಬೇಕು. ಅವ್ವನಿಗೆ ಇದರಿಂದ ವರ್ಷವರ್ಷವೂ ಅವಮಾನ.

"ಎಲ್ರ ಮನೇಲೂ ಅಬ್ಬುಕ್ಕೆ ಗೋಡೆ ಬೆಳ್ಗಿರ್ತವೆ. ನಮ್ಮನೇಲಿ ನೋಡು, ಮಸಿ ಬಳ್ದಂಗದೆ. ಅಕ್ಕಿ ನೋಡ್ಕೊಂಡು ಯಾರಾರ ಸಂಸಾರ ಮಾಡಾರಾ?"

ಅವಳು ಬನ್ನೂರಿನ ಕಡೆಯ ಹಳ್ಳಿಯವಳು. ಅವಳ ಬಾಯಲ್ಲಿ ಹಬ್ಬ ಅಬ್ಬವಾಗುತ್ತಿತ್ತು, ಹಕ್ಕಿ ಅಕ್ಕಿಯಾಗುತ್ತಿತ್ತು. ಒಂದು ಸಲ ತವರಿನವರು ಬರುತ್ತಾರೆಂದು ಗೋಡೆಯ ಕೆಳಗಿನ ಸಾಲೊಂದನ್ನು ಒದ್ದೆಬಟ್ಟೆಯಲ್ಲಿ ಒರೆಸಿಬಿಟ್ಟಳು. ಅಪ್ಪ ಕೆಲಸದಿಂದ ಬಂದವನು ಚಪ್ಪಲಿಯನ್ನೂ ಬಿಡದೆ ಅಡುಗೆಮನೆಗೆ ನುಗ್ಗಿ ಒಲೆಯ ಮೇಲಿದ್ದ ಸಾರಿನ ಪಾತ್ರೆಯನ್ನು ಒದ್ದ. ಕುದಿಯುವ ಹುರುಳಿಸಾರು ಅವ್ವನ ಪಾದದ ಮೇಲೆ ಹರಿಯಿತು. ಅವಳು ಬಚ್ಚಲಿನ ತೊಟ್ಟಿಯಲ್ಲಿ ಕಾಲಿಟ್ಟುಕೊಂಡು ಕೂತಿದ್ದಾಗ ಅಪ್ಪ ಒರೆಸಿಹೋದ ಹೆಸರುಗಳನ್ನು ಒಂದೂ ತಪ್ಪದೆ ನೆನಪಿನಿಂದ ಮತ್ತೆ ಬರೆದ. ಆ ಸಾಲಿನಲ್ಲಿ ಗುಳುಮುಳುಕ ಇತ್ತು, ಟಿಟ್ಟಿಭ ಇತ್ತು. ಮದುವೆಯಾದ ದಿನ ಅವ್ವ ಯಾವ ಸೀರೆ ಉಟ್ಟಿದ್ದಳೆಂದು ಕೇಳಿದ್ದರೆ ಅವನಿಗೆ ಹೇಳಲಾಗುತ್ತಿರಲಿಲ್ಲ.

ಈ ಲೆಕ್ಕವನ್ನು ಮನೆಗೆ ತಂದವನು ಅಪ್ಪನಲ್ಲ, ಅವನ ತಮ್ಮ. ಚಿಕ್ಕಪ್ಪ ಮೈಸೂರಿನಲ್ಲಿ ಕಾಲೇಜು ಓದುವಾಗ ಕೆರೆಕೆರೆ ಸುತ್ತುವ ಗೆಳೆಯರ ಜೊತೆ ಸೇರಿ ಈ ಹುಚ್ಚು ಹತ್ತಿಸಿಕೊಂಡ. ಓದು ಮುಗಿಸಿ ಬರುವಾಗ ಹೆಗಲಿಗೆ ಒಂದು ಹಳೆಯ ಬೈನಾಕ್ಯುಲರ್ ನೇತುಹಾಕಿಕೊಂಡು ಬಂದ. ಅಲ್ಲಿಯವರೆಗೆ ಅಪ್ಪನಿಗೆ ಹಕ್ಕಿ ಎಂದರೆ ಬಾಣಲೆಗೆ ಬೀಳುವ ವಸ್ತು. ಹುಡುಗನಾಗಿದ್ದಾಗಿನಿಂದ ಹುರುಳಿ ಹೊಲಗಳಲ್ಲಿ ಬುರ್ಲಿಗೆ ಬಲೆ ಹಾಕಿದವನು, ಏರ್‌ಗನ್ನಿನಲ್ಲಿ ಬೆಳವ ಹೊಡೆದವನು. ತಮ್ಮನ ಜೊತೆ ಎರಡು ಸಲ ಕೆರೆಗೆ ಹೋಗಿಬಂದ ಮೇಲೆ ಅವನು ಏರ್‌ಗನ್ನನ್ನು ಅಟ್ಟಕ್ಕೆ ಎಸೆದು ಇದ್ದಿಲು ಹಿಡಿದ. ಬೀದಿಯವರು ಇದನ್ನು ಮನಸ್ಸು ಬದಲಾದ ಕತೆಯಾಗಿ ಹೇಳುತ್ತಿದ್ದರು. ಬದಲಾದದ್ದು ಕೈಯಲ್ಲಿದ್ದ ಸಾಮಾನು ಅಷ್ಟೇ ಎಂದು ನನ್ನ ಅಭಿಪ್ರಾಯ. ಮೊದಲು ಹೊಡೆದು ಜೋಳಿಗೆಗೆ ಹಾಕುತ್ತಿದ್ದ, ಈಗ ನೋಡಿ ಗೋಡೆಗೆ ಹಾಕುತ್ತಿದ್ದ. ಆಸೆ ಅದೇ ಆಸೆಯಾಗಿತ್ತು.

ಅಣ್ಣನ ಆತುರ ತಿಳಿದಿದ್ದ ಚಿಕ್ಕಪ್ಪ ಮೊದಲ ವರ್ಷವೇ ಒಂದು ಕಟ್ಟಳೆ ಮಾಡಿದ. ಒಬ್ಬನೇ ಕಂಡದ್ದು ಲೆಕ್ಕಕ್ಕಿಲ್ಲ. ಎರಡು ಜೊತೆ ಕಣ್ಣು ಕಾಣಬೇಕು, ಆ ಇಬ್ಬರೂ ಬಾಯಿಬಿಟ್ಟು 'ನೋಡಿದೆ' ಎನ್ನಬೇಕು, ಆಮೇಲಷ್ಟೇ ಇದ್ದಿಲು. ಹಾಗಾಗಿ ಅಣ್ಣತಮ್ಮಂದಿರು ಎಲ್ಲಿಗೆ ಹೋದರೂ ಒಟ್ಟಿಗೇ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ನೋಡಲು ಹದಿನಾರು ಎಂಬ ಊರಿನ ಕೆರೆಗೆ, ಬೆಳವಗಳನ್ನು ನೋಡಲು ಚಿಕ್ಕಯ್ಯನಛತ್ರದ ಹೊಲಗಳಿಗೆ, ನೀರಿನ ಮೇಲೆ ತೇಲಿಹಾರುವ ರೀವಗಳನ್ನು ನೋಡಲು ತಿರುಮಕೂಡಲು ನರಸೀಪುರದ ಸಂಗಮಕ್ಕೆ. ಚಿಕ್ಕಪ್ಪನ ಟೀವಿಎಸ್ ಮೊಪೆಡ್ಡಿನ ಮುಂದೆ ಬುತ್ತಿಯ ಚೀಲ, ಹಿಂದೆ ಅಪ್ಪ, ಇಬ್ಬರ ನಡುವೆ ನಾನು. ಆ ದಿನಗಳು ನನಗೆ ತುಂಬ ಇಷ್ಟವಾಗಿದ್ದವು. ಇದನ್ನು ಬರೆಯುವಾಗಲೂ ಆ ಸಂತೋಷವನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ.

ಅವರು ಬೇರೆಯಾದದ್ದು ನರಸೀಪುರದ ಮರಳಿನ ಮೇಲೆ. ಕಾವೇರಿ, ಕಪಿಲೆ ಸೇರುವ ಜಾಗದ ಮೇಲೆ ಒಂದು ಕಂದುಬಣ್ಣದ ದೊಡ್ಡ ಹಕ್ಕಿ ಸುತ್ತು ಹಾಕುತ್ತಿತ್ತು. ಅಪ್ಪ ಅದನ್ನು ಮೀನುಡೇಗೆ ಎಂದ. ಆ ವರ್ಷ ಅವನ ಗೋಡೆಯಲ್ಲಿ ಮೀನುಡೇಗೆ ಇರಲಿಲ್ಲ. ಚಿಕ್ಕಪ್ಪ ಬೈನಾಕ್ಯುಲರ್ ಇಳಿಸಿ, ಅಣ್ಣನ ಕೈಗೆ ಕೊಟ್ಟು, ಮೆಲ್ಲಗೆ ತಲೆಯಾಡಿಸಿದ.

"ಇಲ್ಲ ಕಣಣ್ಣ. ಅದು ಎಳೇ ಗರುಡ. ರೆಕ್ಕೆ ನೋಡು."

"ನನ್ ಕಣ್ಣೇನು ಕುಲ್ಡಾ? ನೋಡಿದೆ ಅನ್ಲಾ."

"ನಾ ಕಂಡದ್ದನ್ನ ಕಂಡೆ ಅಂತೀನಿ. ಕಾಣದೇ ಇರೋದನ್ನ ಎಂಗ್ ಅನ್ಲಿ?"

ಅಪ್ಪ ಬೈನಾಕ್ಯುಲರನ್ನು ಅದರ ಪಟ್ಟಿಯಲ್ಲಿ ಹಿಡಿದು ಬೀಸಿದ. ಅದು ಚಿಕ್ಕಪ್ಪನ ಹುಬ್ಬಿನ ಮೇಲೆ ಬಡಿದು ಚರ್ಮ ಸೀಳಿತು. ಒಂದು ಗಳಿಗೆ ಚಿಕ್ಕಪ್ಪನ ಕಣ್ಣು ಕಾಣಲಿಲ್ಲ, ಬರೀ ರಕ್ತ. ಆಮೇಲೆ ಅವನೂ ಸುಮ್ಮನಿರಲಿಲ್ಲ. ಕೈಗೆ ಸಿಕ್ಕ ಮರಳನ್ನು ಅಪ್ಪನ ಮುಖಕ್ಕೆ ಎರಚಿ, ಹೊಟ್ಟೆಗೆ ಗುದ್ದಿ, ಕುತ್ತಿಗೆ ಹಿಡಿದು ನೀರಿಗೆ ಎಳೆದುಕೊಂಡು ಹೋದ. ಸ್ನಾನಕ್ಕಿಳಿದಿದ್ದ ಹೆಂಗಸರು ಕೂಗಿಕೊಂಡು ದಡಕ್ಕೆ ಓಡಿದರು. ಹರಿಗೋಲಿನವರು ಬಂದು ಬಿಡಿಸುವ ಹೊತ್ತಿಗೆ ಅಪ್ಪ ಚಿಕ್ಕಪ್ಪನ ತಲೆಯನ್ನು ನೀರೊಳಗೆ ಅದುಮಿ ಹಿಡಿದಿದ್ದ. ನಾನು ಚಿತ್ರಾನ್ನದ ಡಬ್ಬಿ ತಬ್ಬಿಕೊಂಡು ಮರಳಿನ ಮೇಲೆ ಕೂತಿದ್ದೆ. ಇಬ್ಬರಲ್ಲಿ ಒಬ್ಬರೂ ಮೇಲೆ ನೋಡಲಿಲ್ಲ, ನಾನು ನೋಡಿದೆ. ಅದು ಎಳೆಯ ಗರುಡವೇ ಆಗಿತ್ತು. ನನ್ನನ್ನು ಯಾರೂ ಕೇಳಲಿಲ್ಲ.

ಚಿಕ್ಕಪ್ಪ ಆ ತಿಂಗಳೇ ಮನೆ ಬಿಟ್ಟ. ನರಸೀಪುರದಲ್ಲಿ ಗೊಬ್ಬರದ ಅಂಗಡಿಯೊಂದಕ್ಕೆ ಸೇರಿ, ಅಲ್ಲೇ ಮದುವೆಯಾಗಿ, ಅಲ್ಲೊಂದು ಗೋಡೆ ಮಾಡಿಕೊಂಡ. ಆದರೆ ಲೆಕ್ಕ ನಿಲ್ಲಲಿಲ್ಲ. ವರ್ಷವಿಡೀ ಮಾತಿಲ್ಲದವರು ಯುಗಾದಿಯ ದಿನ ಮಾತ್ರ ನಮ್ಮ ನಡುಮನೆಯಲ್ಲಿ ಎದುರುಬದುರು ಕೂತು ಹೆಸರು ಓದಿಕೊಳ್ಳುತ್ತಿದ್ದರು. ಯಾರ ಗೋಡೆಯಲ್ಲಿ ಹೆಸರು ಹೆಚ್ಚೋ ಆ ವರ್ಷ ಅವನು ಗೆದ್ದ ಹಾಗೆ. ತಾನು ಕಂಡ ಹಕ್ಕಿಯ ಬೆಲೆ ತಿಳಿಯುವವನು ಅಪ್ಪನಿಗೆ ಇಡೀ ತಾಲ್ಲೂಕಿನಲ್ಲಿ ತಮ್ಮನೊಬ್ಬನೇ. ಚಿಕ್ಕಪ್ಪನಿಗೂ ಅಷ್ಟೇ. ಚಿಕ್ಕಪ್ಪನ ಎರಡನೆಯ ಜೊತೆ ಕಣ್ಣು ಅವನ ಹೆಂಡತಿ. ಅಪ್ಪನದು ನಾನು, ಅವನ ಒಬ್ಬಳೇ ಮಗಳು.

ನನ್ನ ಕಣ್ಣನ್ನು ಅಪ್ಪ ಹೊಡೆದು ಹೊಡೆದು ತಯಾರು ಮಾಡಿದ. ನಸುಕಿನಲ್ಲಿ ಎಬ್ಬಿಸಿ ಹಿತ್ತಲಲ್ಲಿ ನಿಲ್ಲಿಸಿ, ನುಗ್ಗೆಮರದಲ್ಲಿ ಏನೇನು ಕೂತಿದೆ ಹೇಳು ಎನ್ನುವನು. ಒಂದು ಬಿಟ್ಟರೆ ಕೆನ್ನೆಗೆ. ಹಾರುವ ಉಲ್ಲಂಕಿಯ ಬಾಲದ ಬಿಳುಪು ಕಂಡಿತೋ ಇಲ್ಲವೋ ಎಂಬಲ್ಲಿ ತಡವರಿಸಿದರೆ ತಲೆಗೆ. 'ಇರಬಹುದು' ಎಂಬ ಮಾತು ನಮ್ಮ ಮನೆಯಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ಕಂಡರೆ ಕಂಡೆ, ಕಾಣದಿದ್ದರೆ ಕಾಣೆ. ಶಾಲೆಯಲ್ಲಿ ಟೀಚರು ಕರಿಹಲಗೆಯ ಮೇಲೆ ಏನು ಬರೆದಿದ್ದಾರೆಂದು ಕೇಳಿದರೂ ನಾನು ಕೆನ್ನೆಯನ್ನು ಗಟ್ಟಿಮಾಡಿಕೊಂಡೇ ಉತ್ತರ ಹೇಳುತ್ತಿದ್ದೆ. ಇಷ್ಟಾದರೂ ನಾನು ಕಲಿತೆ, ಚೆನ್ನಾಗಿ ಕಲಿತೆ. ಅಪ್ಪನಿಗಿಂತ ಮೊದಲು ನನಗೆ ಕಾಣುತ್ತಿತ್ತು. ನಾನು ಮೊದಲು ಕಂಡ ದಿನ ಅವನು ತನ್ನ ತಟ್ಟೆಯಲ್ಲಿದ್ದ ಮಾಂಸದ ತುಂಡನ್ನು ನನ್ನ ತಟ್ಟೆಗೆ ಹಾಕುತ್ತಿದ್ದ. ಆ ತುಂಡಿಗಾಗಿ ನಾನು ಎಷ್ಟು ಏಟನ್ನಾದರೂ ತಿನ್ನುತ್ತಿದ್ದೆ.

ಒಮ್ಮೆ ಹದಿನಾರಿನ ಕೆರೆಯಲ್ಲಿ ಒಬ್ಬ ಮುದುಕ ನಾಮದಕೋಳಿಗಳಿಗೆ ಕುದುರೆಕೂದಲಿನ ಉರುಳು ಒಡ್ಡಿ ಕೂತಿದ್ದ. ಅಪ್ಪ ಸೈಕಲ್ ಪಂಪು ಬಿಚ್ಚಿಕೊಂಡು ಹೋಗಿ ಅವನ ಬೆನ್ನು, ಮೊಣಕಾಲು, ಬೆರಳು ಎಂದು ನೋಡದೆ ಬಾರಿಸಿದ. ಉರುಳಿನಲ್ಲಿದ್ದ ಕೋಳಿಗಳನ್ನು ಒಂದೊಂದಾಗಿ ಬಿಡಿಸಿ, ಅವುಗಳ ಕಾಲು ಸವರಿ, ನೀರಿಗೆ ಬಿಟ್ಟ. ಏರಿಯ ಮೇಲೆ ನಿಂತಿದ್ದವರು ಭೇಷ್ ಎಂದರು. ಮುದುಕ ಕೆಸರಿನಲ್ಲಿ ಮುದುಡಿ ಕೂತು ಎರಡೂ ಕೈಯಲ್ಲಿ ತಲೆ ಮುಚ್ಚಿಕೊಂಡಿದ್ದ. ಏಟು ನಿಂತ ಮೇಲೂ ಅವನು ಕೈ ತೆಗೆಯಲಿಲ್ಲ. ಅವ್ವ ಅಡುಗೆಮನೆಯ ಮೂಲೆಯಲ್ಲಿ ಕೂರುತ್ತಿದ್ದದ್ದು ಹಾಗೆಯೇ. ಕೋಳಿಯ ಕಾಲು ಸವರಲು ಬರುವ ಕೈಗೆ ನಮ್ಮನ್ನು ಸವರಲು ಯಾಕೆ ಬರುವುದಿಲ್ಲ ಎಂದು ನನಗೆ ಮೊದಲ ಸಲ ಸಿಟ್ಟು ಬಂದದ್ದು ಅಲ್ಲಿ.

ನನಗೆ ಹನ್ನೊಂದೋ ಹನ್ನೆರಡೋ ಆಗಿದ್ದ ವರ್ಷ, ಯುಗಾದಿ ಹತ್ತಿರ ಬರುವಾಗ ಅಪ್ಪ, ಚಿಕ್ಕಪ್ಪ ಸಮಸಮ ನಿಂತಿದ್ದಾರೆಂದು ನರಸೀಪುರದಿಂದ ಬಂದುಹೋಗುವವರ ಬಾಯಲ್ಲಿ ಸುದ್ದಿ ಬಂತು. ಅಪ್ಪ ಹಿಂದಿನ ಎರಡು ಸಲವೂ ಸೋತಿದ್ದ. ಒಂದೇ ಒಂದು ಹೊಸ ಹಕ್ಕಿ ಬೇಕಾಗಿತ್ತು. ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿರುಗಿದ, ಕೆಲಸಕ್ಕೆ ಚಕ್ಕರ್ ಹಾಕಿದ. ಒಂದು ಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಹಿತ್ತಲ ಬೇಲಿಯ ಹತ್ತಿರದಿಂದ ಅವನು ಪಿಸುದನಿಯಲ್ಲಿ ನನ್ನನ್ನು ಕೂಗಿದ.

"ಅಮ್ಮೀ, ಬಾ ಬಿರ್‍ರನೆ! ನವರಂಗ!"

ನವರಂಗ ಎಂದರೆ ಚಳಿಗಾಲ ಕಳೆಯಲು ಉತ್ತರದಿಂದ ಬಂದು, ಬಿಸಿಲು ಏರುವಾಗ ಹಿಂದಿರುಗುವ ಪುಟ್ಟ ಹಕ್ಕಿ. ಹಸಿರು ಬೆನ್ನು, ನೀಲಿ ಭುಜ, ಬಾಲದ ಕೆಳಗೆ ಕೆಂಪು. ಬೇಲಿಯ ಬುಡದ ತರಗೆಲೆಗಳಲ್ಲಿ ಕುಪ್ಪಳಿಸಿಕೊಂಡಿದ್ದು, ಸದ್ದು ಕೇಳಿದರೆ ಮಾಯವಾಗುತ್ತದೆ. ನಾನು ಬಾಯಲ್ಲಿ ನೊರೆಯಿಟ್ಟುಕೊಂಡೇ ಓಡಿದೆ. ತರಗೆಲೆ ಇತ್ತು, ಬೇಲಿ ಇತ್ತು, ಹಕ್ಕಿ ಇರಲಿಲ್ಲ. ಕಾದೆವು. ಬರಲಿಲ್ಲ. ಅಪ್ಪ ನಡುಮನೆಗೆ ಬಂದು ಇದ್ದಿಲು ಕೈಗೆತ್ತಿಕೊಂಡ.

"ನೋಡಿದೆ ಅನ್ನು."

"ನಾ ನೋಡ್ನಿಲ್ಲ."

"ನಾ ನೋಡಿದೀನಿ ಕಣಮ್ಮೀ. ಅಲ್ಲೇ ಇತ್ತು, ನನ್ ಕಣ್ಣಾರೆ ಕಂಡೆ. ಸುಳ್ಳು ಹೇಳು ಅಂತೀನಾ? ನೋಡಿದೆ ಅಂದ್ಬುಡು ಸಾಕು."

"ನಾ ನೋಡ್ನಿಲ್ಲ ಕಣಪ್ಪ."

ಅವನು ಕಂಡಿದ್ದ. ಅದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ನಾನು ಕಾಣಲಿಲ್ಲ ಎಂಬುದೂ ಅಷ್ಟೇ ನಿಜವಾಗಿತ್ತು. ಇದು ಧೈರ್ಯವಲ್ಲ. ಕಾಣದ್ದನ್ನು ಕಂಡೆ ಎಂದರೆ ಕೆನ್ನೆಗೆ ಬೀಳುತ್ತದೆಂದು ಅವನೇ ಹೊಡೆದು ಕಲಿಸಿದ್ದ. ಈಗ ಹಾಗೆ ಎನ್ನದಿದ್ದರೆ ಬೀಳುತ್ತಿತ್ತು. ಬಿತ್ತು. ಮೊದಲು ಕೈಯಲ್ಲಿ, ಆಮೇಲೆ ಸೊಂಟದ ಬೆಲ್ಟಿನಲ್ಲಿ. ಕಾಲುಗಳ ಮೇಲೆ ಬಾಸುಂಡೆ ಎದ್ದವು. ಉಣ್ಣದೆ ಬೇಲಿಯ ಮುಂದೆ ನಿಂತಿರು, ಕಾಣುವವರೆಗೆ ಬರಬೇಡ ಎಂದ. ನಿಂತೆ. ಬಿಸಿಲು ನೆತ್ತಿಗೇರಿತು. ಅವ್ವ ಮುದ್ದೆ ತಿರುವುತ್ತಿದ್ದವಳು ಕೋಲನ್ನು ಕೈಯಲ್ಲಿ ಹಿಡಿದೇ ಹಿತ್ತಲಿಗೆ ಬಂದಳು.

"ಮಗೀಗೆ ಉಣ್ಣಾಕಿಕ್ತೀನಿ. ನಿಮ್ ಅಕ್ಕಿ ಮನೆ ಆಳಾಗೋಗ."

ಇಷ್ಟೇ ಅವಳು ಅಂದದ್ದು. ಅಪ್ಪ ಕೋಲನ್ನು ಕಿತ್ತುಕೊಂಡ. ಅವಳು ತಲೆ ಕಾಯಲು ಬಲಗೈ ಎತ್ತಿದಳು. ಮುದ್ದೆಯ ಕೋಲು ದಪ್ಪ, ಹುಣಸೆಯ ಮರದ್ದು. ಮುಂಗೈಯ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು. ಅವ್ವ ಕೂಗಲಿಲ್ಲ, ಒಗೆಯುವ ಕಲ್ಲಿನ ಮೇಲೆ ಕೂತು ಕೈಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡಿದಳು. ಕೋಲಿಗೆ ಅಂಟಿದ್ದ ರಾಗಿಹಿಟ್ಟು ಅವಳ ಬಳೆಚೂರುಗಳ ಮೇಲೆಲ್ಲ ಮೆತ್ತಿಕೊಂಡಿತ್ತು. ಅಪ್ಪ ಕೋಲನ್ನು ಬೇಲಿಯಾಚೆ ಎಸೆದು ಸೈಕಲ್ ಹತ್ತಿ ಹೋದ.

ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋದವಳು ನಾನೇ. ಏನಾಯಿತಮ್ಮ ಎಂದು ಡಾಕ್ಟರು ಕೇಳಿದರೆ ಅವ್ವ ಎಡಗೈಯಲ್ಲಿ ನನ್ನ ಕೈಯನ್ನು ಹಿಂಡುವಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಒಗ್ಯೋ ಕಲ್ಲತ್ರ ಜಾರ್ಬುಟ್ಟೆ ಸಾ."

ಹಕ್ಕಿಯ ಬಾಲದ ಒಂದು ಗರಿಯ ವಿಷಯದಲ್ಲೂ ಸುಳ್ಳು ನಡೆಯದ ಮನೆಯಲ್ಲಿ ಉಳಿದದ್ದೆಲ್ಲ ಸುಳ್ಳೇ ಆಗಿತ್ತು. ಪಾದ ಸುಟ್ಟಾಗ ಎಸರು ಚೆಲ್ಲಿತ್ತು, ತುಟಿ ಒಡೆದಾಗ ಬಾಗಿಲು ಬಡಿದಿತ್ತು, ಈಗ ಕಲ್ಲು ಜಾರಿತ್ತು. ಬೀದಿಯವರು ಅವಳನ್ನು ಎಚ್ಚರವಿಲ್ಲದ ಹೆಂಗಸು ಎಂದು ತಮಾಷೆ ಮಾಡುತ್ತಿದ್ದರು. ಅವಳು ಅವರ ಜೊತೆ ನಗುತ್ತಿದ್ದಳು. ಆ ನಗುವಿನ ಮೇಲೆ ನನಗೆ ಅಪ್ಪನ ಮೇಲಿದ್ದಷ್ಟೇ ಕೋಪ ಬರುತ್ತಿತ್ತು.

ಹಬ್ಬಕ್ಕೆ ಎರಡು ದಿನವಿದ್ದಾಗ ಅಪ್ಪ ಅಟ್ಟ ಹತ್ತಿ ಏರ್‌ಗನ್ ಇಳಿಸಿದ. ಬಟ್ಟೆಯಲ್ಲಿ ಒರೆಸಿ, ಎಣ್ಣೆ ಹಾಕಿ, ಹಿತ್ತಲಲ್ಲಿ ಒಗೆಯುವ ಕಲ್ಲಿನ ಹಿಂದೆ ಕುಕ್ಕರುಗಾಲಲ್ಲಿ ಕೂತ. ಅವನು ಏನು ಯೋಚಿಸುತ್ತಿದ್ದಾನೆಂದು ನನಗೆ ತಕ್ಷಣ ಗೊತ್ತಾಯಿತು, ನಂಬಲಾಗಲಿಲ್ಲ. ಹಾರಿಹೋಗುವ ಹಕ್ಕಿಯನ್ನು ಮಗಳು ಕಾಣುವುದಿಲ್ಲವಾದರೆ ಹಾರದ ಹಾಗೆ ಮಾಡಿ ತೋರಿಸಬೇಕು. ಅಷ್ಟು ವರ್ಷ ಹಕ್ಕಿ ನೋಡಿದವನಿಗೆ ಇದು ಸರಿಯೆಂದು ಕಂಡಿತಲ್ಲ, ಅದಕ್ಕೆ ನನಗೆ ಇವತ್ತಿಗೂ ಸಮಾಧಾನ ಸಿಕ್ಕಿಲ್ಲ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು, ಬರಬೇಡ, ಬರಬೇಡ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಕೆಮ್ಮಬೇಕು, ಕಲ್ಲು ಎಸೆಯಬೇಕು ಅನ್ನಿಸಿತು. ಬಾಸುಂಡೆಗಳು ಇನ್ನೂ ಉರಿಯುತ್ತಿದ್ದವು. ಫಟ್ ಎಂದು ಸದ್ದಾಯಿತು. ಅಪ್ಪ ಬೇಲಿಯೊಳಗೆ ಕೈಹಾಕಿ ಎತ್ತಿಕೊಂಡು ಬಂದು ನನ್ನ ಅಂಗೈ ಬಿಡಿಸಿ ಅದರ ಮೇಲೆ ಇಟ್ಟ. ಅದು ಬೆಚ್ಚಗಿತ್ತು. ಕತ್ತು ಒಂದು ಕಡೆ ಜೋತಿತ್ತು, ಕೊಕ್ಕಿನ ಮೂಲೆಯಲ್ಲಿ ಒಂದು ಹನಿ ರಕ್ತ. ಬಣ್ಣಗಳೆಲ್ಲ ಹಾಗೇ ಇದ್ದವು.

"ಈಗ ನೋಡ್ದೆ ತಾನೆ?"

"ನೋಡ್ದೆ."

ಅವನು ನನ್ನ ತಲೆ ಸವರಿದ. ನನ್ನ ನೆನಪಿನಲ್ಲಿ ಅದು ಅವನು ನನ್ನ ತಲೆ ಸವರಿದ ಒಂದೇ ಸಲ. ಆಮೇಲೆ ಒಳಗೆ ಹೋಗಿ ಗೋಡೆಯ ಮೇಲೆ ನವರಂಗ ಎಂದು ದುಂಡಗೆ ಬರೆದ.

ಯುಗಾದಿಯ ದಿನ ಚಿಕ್ಕಪ್ಪ ಒಬ್ಬನೇ ಬಂದ. ಬಸ್ಸಿಳಿದು, ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಹಿಡಿದು ಒಳಗೆ ಬಂದವನು ಮೊದಲು ನೋಡಿದ್ದು ಅವ್ವನ ಕೈಯ ಬಿಳಿ ಪಟ್ಟಿಯನ್ನು.

"ಏನಾಯ್ತತ್ತಿಗೆ ಕೈಗೆ?"

"ಜಾರ್ಬುಟ್ಟೆ ಕಣಪ್ಪ."

ಬೇವು ಬೆಲ್ಲ ಆಯಿತು. ಅವ್ವ ಎಡಗೈಯಲ್ಲೇ ಒಬ್ಬಟ್ಟು ತಟ್ಟಿ, ಎಡಗೈಯಲ್ಲೇ ಬಡಿಸಿದಳು. ಊಟ ಮುಗಿದ ಮೇಲೆ ಅಪ್ಪ ಗೋಡೆಯ ಮುಂದೆ ನಿಂತು ಒಂದೊಂದೇ ಹೆಸರು ಓದಿದ, ಚಿಕ್ಕಪ್ಪ ತನ್ನ ಹೆಸರುಗಳನ್ನು ಬಾಯಲ್ಲೇ ಹೇಳುತ್ತ ಬಂದ. ಕೊನೆಗೆ ಅಪ್ಪ ಎದೆಯುಬ್ಬಿಸಿ ನವರಂಗ ಎಂದ. ಚಿಕ್ಕಪ್ಪನ ಮುಖ ಅರಳಿತು. ಸೋತದ್ದಕ್ಕೆ ಬೇಜಾರಿರಲಿಲ್ಲ, ನವರಂಗ ನಮ್ಮ ಹಿತ್ತಲಿಗೆ ಬಂತಲ್ಲ ಎಂದು ಅವನಿಗೆ ನಿಜವಾದ ಖುಷಿ. ಕಟ್ಟಳೆಯಂತೆ ನನ್ನ ಕಡೆ ತಿರುಗಿದ.

"ನೀನೂ ನೋಡ್ದಾ ಅಮ್ಮೀ? ಎಂಗಿತ್ತು? ಕುಪ್ಪಳಿಸ್ತಿತ್ತಾ?"

ಅಪ್ಪ ನನ್ನನ್ನೇ ನೋಡುತ್ತಿದ್ದ. 'ಹೂಂ' ಎಂದರೆ ಎಲ್ಲ ಮುಗಿಯುತ್ತಿತ್ತು, ಸಂಜೆಯ ಹೊತ್ತಿಗೆ ಗೋಡೆ ಬೆಳ್ಳಗಾಗುತ್ತಿತ್ತು.

"ಇಲ್ಲ ಚಿಕ್ಕಪ್ಪ. ಸತ್ತೋಗಿತ್ತು. ಅಪ್ಪ ಕೋವೀಲಿ ಹೊಡ್ದು ತಂದು ನನ್ ಕೈಯಲ್ಲಿಟ್ಟ. ಮೊದ್ಲು ನಾ ನೋಡ್ನಿಲ್ಲ ಅಂದಿದ್ದಕ್ಕೆ ಬೆಲ್ಟಲ್ಲಿ ಹೊಡ್ದ. ಬಿಡ್ಸೋಕೆ ಬಂದ ಅವ್ವನ ಕೈ ಮುರ್ದ. ಅವ್ವ ಜಾರ್ನಿಲ್ಲ. ಅದನ್ನ ನಾ ನೋಡ್ದೆ."

ಚಿಕ್ಕಪ್ಪ ನಿಧಾನಕ್ಕೆ ಅವ್ವನ ಕಡೆ ತಿರುಗಿದ. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ತುಪ್ಪದ ಬಟ್ಟಲು ಹಿಡಿದು ನಿಂತಿದ್ದಳು. ಅವಳು ಇಲ್ಲ ಎಂದರೆ ನಾನು ಸುಳ್ಳಿ. ಅವಳು ಇಲ್ಲ ಎಂದೇ ಎನ್ನುತ್ತಾಳೆ ಎಂದುಕೊಂಡೆ. ಅಷ್ಟು ವರ್ಷ ಅದನ್ನೇ ಅಂದಿದ್ದಳು. ಅವ್ವ ಬಟ್ಟಲನ್ನು ಕೆಳಗಿಟ್ಟಳು.

"ಊಂ ಕಣಪ್ಪ. ಅವ್ಳೇಳಾದು ದಿಟ."

ಅಪ್ಪನ ಕೈ ಬಂದದ್ದು ನನಗೆ ಕಾಣಲಿಲ್ಲ. ಅದು ಎಡಗಿವಿಯ ಮೇಲೆ ಪೂರ್ತಿ ಬಿತ್ತು. ನಾನು ಗೋಡೆಗೆ ಬಡಿದು ಕೆಳಗೆ ಕುಸಿದೆ. ತಲೆಯೊಳಗೆ ಒಂದೇ ಸಮನೆ ಕೊಂಯ್ಯೆನ್ನುವ ಸದ್ದು. ಆಮೇಲಿನದೆಲ್ಲ ನನಗೆ ಮಾತಿಲ್ಲದೆ ನಡೆದ ಹಾಗೆ ನೆನಪಿದೆ. ಚಿಕ್ಕಪ್ಪ ಅಪ್ಪನ ಮೇಲೆ ಹಾರಿ ಬಿದ್ದ. ಗೋಡೆಗೆ ಬಳಿಯಲು ಕಲಸಿಟ್ಟಿದ್ದ ಸುಣ್ಣದ ಬಕೆಟ್ಟು ಉರುಳಿ ನಡುಮನೆಯೆಲ್ಲ ಬೆಳ್ಳಗಾಯಿತು. ಇಬ್ಬರೂ ಆ ಸುಣ್ಣದಲ್ಲಿ ಹೊರಳಾಡಿದರು. ಚಿಕ್ಕಪ್ಪ ಅವನ ಎದೆಯ ಮೇಲೆ ಕೂತು ಮುಖಕ್ಕೆ ಗುದ್ದಿದ, ಮತ್ತೆ ಮತ್ತೆ ಗುದ್ದಿದ, ಅಪ್ಪನ ಮುಂದಿನ ಹಲ್ಲು ಮುರಿದು ಬಾಯಾಚೆ ಬಂತು. ಚಿಕ್ಕಪ್ಪನ ಕೈಯೂ ಅದೇ ಮನೆಯ ಕೈ ಎಂದು ಆಗ ಕಂಡಿತು. ನನಗೆ ಖುಷಿಯಾಯಿತು. ಇನ್ನೂ ಹೊಡಿ ಎಂದು ನಾನು ಕೂಗಿದೆನಂತೆ. ಅವ್ವ ಆಮೇಲೆ ಹೇಳಿದಳು. ಬಿಡಿಸಿದವಳೂ ಅವ್ವನೇ. ಪಟ್ಟಿ ಕಟ್ಟಿದ ಕೈಯನ್ನು ಇಬ್ಬರ ನಡುವೆ ತೂರಿಸಿ ನಿಂತಳು, ಚಿಕ್ಕಪ್ಪನ ಗುದ್ದು ನಿಂತಿತು. ಅಪ್ಪ ಎದ್ದು ಕೂತು, ಬಾಯಿಂದ ರಕ್ತ ಉಗುಳಿ, ನನ್ನನ್ನು ನೋಡಿ ಕೇಳಿದ. ಬಲಗಿವಿಯಲ್ಲಿ ಅದು ದೂರದಿಂದ ಬಂದ ಹಾಗೆ ಕೇಳಿಸಿತು.

"ಕಂಡದ್ನೆಲ್ಲ ಬಾಯ್ಬುಡಾದಾ?"

"ನೀನೇ ಅಲ್ವಾ ಕಲ್ಸಿದ್ದು?"

ಅವತ್ತಿನ ಮಧ್ಯಾಹ್ನದ ಬಸ್ಸಿಗೆ ಅವ್ವ, ನಾನು ಚಿಕ್ಕಪ್ಪನ ಜೊತೆ ನರಸೀಪುರಕ್ಕೆ ಹೋದೆವು. ಮೈಮೇಲೆಲ್ಲ ಸುಣ್ಣ ಒಣಗಿತ್ತು. ಹಬ್ಬದ ದಿನ ಸುಣ್ಣ ಬಳಿದುಕೊಂಡು ಎಲ್ಲಿಗೆ ಹೊರಟಿರಿ ಎಂದು ಕಂಡಕ್ಟರ್ ನಗೆಯಾಡಿದ. ಅವ್ವ ಅವನ ಜೊತೆ ನಗಲಿಲ್ಲ. ಚಿಕ್ಕಪ್ಪನ ಮನೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದಳು, ಕೈ ಕೂಡಿಕೊಂಡ ಮೇಲೆ ಹಾಸ್ಟೆಲ್ಲೊಂದರಲ್ಲಿ ಅಡುಗೆಗೆ ಸೇರಿದಳು. ಕೈ ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತು. ನಂಜನಗೂಡಿಗೆ ಅವಳು ಮತ್ತೆ ಹೋಗಲಿಲ್ಲ. ಯಾರಾದರೂ ಕೈಗೇನಾಯಿತೆಂದು ಕೇಳಿದರೆ ಗಂಡ ಮುರಿದ ಎಂದು ನೇರವಾಗಿ ಹೇಳುವಳು, ಕೇಳಿದವರೇ ಬೇರೆ ಮಾತಿಗೆ ಹಾರುತ್ತಿದ್ದರು.

ನನ್ನ ಎಡಗಿವಿ ಮಾತ್ರ ಕೂಡಿಕೊಳ್ಳಲಿಲ್ಲ. ಡಾಕ್ಟರು ಕಿವಿಯ ತಮಟೆ ಹರಿದಿದೆ ಎಂದರು, ಮದ್ದು ಹಾಕಿದರು, ಕೀವಾಯಿತು, ಕೊನೆಗೆ ಆ ಕಡೆ ಪೂರ್ತಿ ಮೌನ. ಒಂದು ಕಿವಿ ಸಾಕು ಬದುಕಲಿಕ್ಕೆ. ಹಕ್ಕಿ ನೋಡಲಿಕ್ಕೆ ಸಾಲದು. ಹಕ್ಕಿ ಕೂಗಿದ್ದು ಕೇಳುತ್ತದೆ, ಯಾವ ಹಕ್ಕಿಯೆಂದೂ ತಿಳಿಯುತ್ತದೆ, ಯಾವ ದಿಕ್ಕಿನಿಂದ ಎಂಬುದು ಮಾತ್ರ ತಿಳಿಯುವುದಿಲ್ಲ. ಎರಡೂ ಕಿವಿ ಇದ್ದವರು ಒಂದು ಸಲಕ್ಕೆ ಕತ್ತು ತಿರುಗಿಸುವಲ್ಲಿ ನಾನು ಮರವನ್ನೆಲ್ಲ ಕಣ್ಣಿನಲ್ಲೇ ಜಾಲಾಡಬೇಕು. ಆದರೂ ನಾನು ಲೆಕ್ಕ ಬಿಡಲಿಲ್ಲ. ಚಿಕ್ಕಪ್ಪ ಕಟ್ಟಳೆ ಸಡಿಲಿಸಿದ. ನರಸೀಪುರದ ನಮ್ಮ ಮನೆಯಲ್ಲಿ ಒಬ್ಬರು ಕಂಡರೆ ಸಾಕಾಗಿತ್ತು, ಕಂಡವರು ಹೇಳಿದರೆ ಉಳಿದವರು ನಂಬುತ್ತಿದ್ದರು.

ಎಷ್ಟೋ ವರ್ಷಗಳಾದ ಮೇಲೆ, ನಾನು ಕೆಲಸಕ್ಕೆ ಸೇರಿದ್ದಾಗ, ಒಂದು ಬೆಳಿಗ್ಗೆ ಅಪ್ಪ ನರಸೀಪುರಕ್ಕೆ ಬಂದ. ಕಾರ್ಖಾನೆ ಮುಚ್ಚಿತ್ತು, ಮೈ ಇಳಿದಿತ್ತು, ಬಾಯಲ್ಲಿ ಮುಂದಿನ ಹಲ್ಲುಗಳಿರಲಿಲ್ಲ. ಅವ್ವ ಅವನನ್ನು ಕಂಡು ಬಾಗಿಲು ಹಾಕಿಕೊಂಡಳು. ನಾನು ಸಂಗಮದ ಕಡೆ ಹೊರಟಿದ್ದವಳು ಹಾಗೇ ನಡೆದೆ, ಅವನು ಹಿಂದೆಯೇ ಬಂದ. ನದಿಯ ದಡದಲ್ಲಿ ಒಂದು ಹೊಂಗೆ ತೋಪಿದೆ. ಅಲ್ಲಿ ಒಂದು ಹೊನ್ನಕ್ಕಿ ಕೂಗಿತು. ಆ ವರ್ಷ ನನಗೆ ಹೊನ್ನಕ್ಕಿ ಸಿಕ್ಕಿರಲಿಲ್ಲ. ನಿಂತೆ. ಬಲಕ್ಕೆ ನೋಡಿದೆ, ಮೇಲೆ ನೋಡಿದೆ, ಹಿಂದೆ ತಿರುಗಿದೆ. ಅಪ್ಪ ನಾನು ಹುಡುಕುವ ರೀತಿಯನ್ನು ನೋಡುತ್ತಿದ್ದ. ಹಾಗೆ ಹುಡುಕುವುದು ಅವನು ಕಲಿಸಿದ್ದಲ್ಲ. ನನ್ನ ಎಡಗಿವಿ ಹೋಗಿದೆಯೆಂದು ಅವನಿಗೆ ತಿಳಿಯಿತು. ಅವನ ಮುಖ ಬಣ್ಣಗೆಟ್ಟಿತು, ಕೈ ಮೇಲೆದ್ದಿತು. ನಾನು ನನಗೇ ಗೊತ್ತಿಲ್ಲದೆ ಕೆನ್ನೆ ಗಟ್ಟಿಮಾಡಿಕೊಂಡೆ. ಅವನು ಬೆರಳು ತೋರಿಸುತ್ತಿದ್ದ.

"ಎಡಕ್ಕೆ ಕಣವ್ವ. ಎಡಕ್ಕೆ. ಆ ಕವೆ ಕೊಂಬೆ ಮೇಲೆ."

ಅವನು ಅಳುತ್ತಿದ್ದ. ನಾನು ಎಡಕ್ಕೆ ತಿರುಗಲಿಲ್ಲ. ಅವನ ಮುಖವನ್ನೇ ನೋಡುತ್ತ ನಿಂತೆ. ಹಕ್ಕಿ ಇನ್ನೆರಡು ಸಲ ಕೂಗಿ ಸುಮ್ಮನಾಯಿತು. ಆಮೇಲೆ ಅವನನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಕಾಫಿ ಕುಡಿಸಿ, ನಂಜನಗೂಡಿನ ಬಸ್ಸು ಹತ್ತಿಸಿದೆ. ಆ ವರ್ಷದ ನನ್ನ ಲೆಕ್ಕದಲ್ಲಿ ಹೊನ್ನಕ್ಕಿ ಇಲ್ಲ.